ಹಟ್ಟಿಗೆ ಬಂದ ಇಂಗ್ಲಿಷ್

ಮನೆಯಲ್ಲಿ ಇನ್ನು ಮುಂದೆ ಕನ್ನಡ ಬೇಡ ಎಂದು ಅಪ್ಪಣೆಯಾದಾಗ ಸುಖಪಟ್ಟವನು ನನ್ನ ಮಗನೊಬ್ಬನೇ. ಮೊದಲೇ ಅವನಿಗೆ ಮಾತು ಕಡಿಮೆ, ಈಗ ನೆಪವೂ ಸಿಕ್ಕಿತು.

ಅಪ್ಪಣೆ ಬಂದದ್ದು ಮೊಮ್ಮಗಳು ಯುಕೆಜಿ ಓದುವ ಕೊಟ್ಟೂರಿನ ಶಾಲೆಯಿಂದ. ಮನೆಯಲ್ಲೂ ಮಕ್ಕಳ ಕಿವಿಗೆ ಇಂಗ್ಲಿಷೇ ಬೀಳಬೇಕು, ಆಗ ತಾನಾಗಿ ಬಾಯಿಗೆ ಬರುತ್ತದೆ ಎಂದು ಮಿಸ್ಸು ತಾಯಂದಿರಿಗೆ ಹೇಳಿದರಂತೆ. ಹಾಲಿಟ್ಟರೆ ಮೊಸರಾಗುವ ಹಾಗೆ. ಹೆಪ್ಪು ಹಾಕುವವರು ಯಾರು ಎಂದು ಒಬ್ಬಳೂ ಕೇಳಲಿಲ್ಲ.

ನನ್ನ ಸೊಸೆಗೆ ಬರುವ ಇಂಗ್ಲಿಷ್ ಒಂದು ಹಿಡಿ. ಕಮ್, ಗೋ, ಸಿಟ್, ಈಟ್, ಡೋಂಟ್ ಟಚ್. ಅಷ್ಟರಲ್ಲೇ ಸಂಸಾರ ಶುರು ಮಾಡಿದಳು. ಹಾಸಿಗೆ ಬಿಟ್ಟರೆ ಕಮ್, ರೊಟ್ಟಿ ಮುಂದಿಟ್ಟರೆ ಈಟ್, ಶಾಲೆಯ ವ್ಯಾನು ಬಂದರೆ ಗೋ. ಮುದ್ದು ಮಾಡುವುದಕ್ಕೆ ಅವಳ ಹತ್ತಿರ ಇಂಗ್ಲಿಷ್ ಇರಲಿಲ್ಲ, ಹಾಗಾಗಿ ಮುದ್ದನ್ನು ಭಾನುವಾರಕ್ಕೆ ಎತ್ತಿಟ್ಟಳು.

ನಾನು ಕೂಸಿಗೊಂದು ಕಥೆ ಶುರು ಮಾಡಿದರೆ ಒಲೆಯ ಮುಂದಿನಿಂದಲೇ ಕೂಗುತ್ತಿದ್ದಳು.

"ಅತ್ತಿ, ಎಷ್ಟ್ ಸಲ ಹೇಳ್ಬೇಕ್ರಿ? ಕೂಸಿನ ಬಾಯಿ ಕೆಡಸ್ತೀರಿ."

"ನಿನ್ ಗಂಡನ ಬಾಯಿನೂ ನಾನ ಕೆಡ್ಸೀನಿ. ಅವನ್ನ ಯಾಕ ಕಟ್ಕೊಂಡಿ?"

ಬೇಸಿಗೆ ಹತ್ತಿರ ಬರುವಾಗ ಶಾಲೆಯಿಂದ ಕರೆ ಬಂತು. ಹುಡುಗಿ ಬಾಯಿಯೇ ಬಿಡುವುದಿಲ್ಲ ಎಂದು ದೂರು. ಸೊಸೆ ಅಳುಮುಖ ಮಾಡಿಕೊಂಡಳು, ನಾನೂ ಜೊತೆಗೆ ಹೋದೆ. ಮಿಸ್ಸು ನಮ್ಮೆದುರೇ ಸ್ಟ್ಯಾಂಡ್ ಎಂದರೆ ಕೂಸು ನಿಂತಿತು, ಕಮ್ ಎಂದರೆ ಬಂತು. ಏನು ತಿಂದೆ ಎಂದು ಇಂಗ್ಲಿಷಿನಲ್ಲಿ ಕೇಳಿದರೆ ಗೋಡೆ ನೋಡಿತು.

"ನೋಡ್ರಿ ಅಜ್ಜಿ, ಹೇಳಿದ್ದೆಲ್ಲಾ ತಿಳೀತೈತಿ, ಮಾತಾಡಂಗಿಲ್ಲ. ಪರೀಕ್ಷಿ ದಿನಾನೂ ಹಿಂಗಾದ್ರ ಒಂದನೇ ಕ್ಲಾಸಿಗೆ ಕಳ್ಸಾಕ ಬರಂಗಿಲ್ಲ. ಮನಿಯಾಗ ಇನ್ನೂ ಜಾಸ್ತಿ ಇಂಗ್ಲಿಷ್ ಮಾತಾಡ್ರಿ."

ಔಷಧ ಹತ್ತಲಿಲ್ಲವೆಂದರೆ ಬಾಟಲಿಯನ್ನೇ ಎತ್ತಿ ಕುಡಿಸಿ ಎನ್ನುವ ವೈದ್ಯ!

ಅದೇ ಸಂಜೆ ಕೂಸು ನಮ್ಮ ಕುರಿಹಟ್ಟಿಯಲ್ಲಿ ಕೋಲು ಹಿಡಿದು ಮರಿಗಳ ಮುಂದೆ ನಿಂತಿತ್ತು. "ಕಮ್! ಸಿಟ್! ಡೋಂಟ್ ಟಚ್!" ಗಂಟಲು ಹರಿಯುವ ಹಾಗೆ.

"ಯಾಕಲೇ, ಮರಿಗೋಳಿಗೂ ಸಾಲಿ ಹಚ್ಚೀಯೇನು?"

"ಇದು ಕುರಿ ಮಾತಲ್ಲೇನಜ್ಜಿ?"

"ಮಿಸ್ಸು ಕೇಳಿದ್ರ ನೀ ಯಾಕ ಸುಮ್ನ ನಿಂತಿ?"

"ಕುರಿ ಎಲ್ಲ್ಯಾರ ತಿರುಗಿ ಮಾತಾಡ್ತಾವೇನು?"

ಅವಳಪ್ಪ ನಾಲಿಗೆ ಮಡಿಚಿ ಹುರ್ರ್ ಎಂದರೆ ಹಿಂಡು ತಿರುಗುತ್ತದೆ, ಯಾಕೆ ಎಂದು ಕೇಳುವುದಿಲ್ಲ. ಇಂಗ್ಲಿಷೂ ಅದೇ ಜಾತಿಯದು, ಕೇಳಿ ನಡೆಯುವುದಕ್ಕಿರುವುದು, ಉತ್ತರ ಕೊಡುವುದಕ್ಕಲ್ಲ ಎಂದು ಕೂಸು ತಿಳಿದಿತ್ತು. ತಪ್ಪೇನು? ಮನೆಯಲ್ಲಿ ಆ ಮಾತಿಗೆ ಯಾರಾದರೂ ಉತ್ತರ ಕೊಟ್ಟದ್ದನ್ನು ಅದು ನೋಡಿಯೇ ಇರಲಿಲ್ಲ.

ಸೊಸೆಗೆ ಹೇಳಿದೆ. ಅವಳು ನಗಲಿಲ್ಲ. ಹಿಟ್ಟಿನ ಕೈಯಲ್ಲೇ ಕುಳಿತು, "ಈಗೇನ್ ಮಾಡ್ಲಿ ಅತ್ತಿ?" ಎಂದಳು. ಎರಡನೇ ತರಗತಿ ದಾಟದ ನನ್ನನ್ನು ಕೇಳುವಷ್ಟು ಗತಿಗೆಟ್ಟಿದ್ದಳು. ನನಗೆ ಬರುತ್ತಿದ್ದುದು ನೋ ಒಂದೇ. 'ಯಾಕೆ' ಎನ್ನುವುದಕ್ಕೆ ಏನನ್ನುತ್ತಾರೆ ಎಂದು ಮಗನನ್ನು ಕೇಳಿದೆ. "ವೈ" ಎಂದ. ಆ ವರ್ಷ ಮಗಳ ಓದಿಗೆ ಅವನು ಮಾಡಿದ ಉಪಕಾರ ಅಷ್ಟೇ.

ಮರುದಿನ ಕೂಸಿನ ಕೈಗೆ ಕೋಲು ಕೊಟ್ಟು, ನಾನು ಕುರಿ, ನೀನು ಕಾಯುವವಳು ಎಂದೆ.

"ಸಿಟ್!"

"ನೋ. ವೈ?"

ಕೂಸು ಬೆಪ್ಪಾಗಿ ನನ್ನನ್ನೇ ನೋಡಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. "ಅಜ್ಜಿ, ಈಗ ನಾ ಕುರಿ" ಎಂದು ಹಟ ಹಿಡಿಯಿತು. ಅಂದಿನಿಂದ ಅವಳವ್ವ ಈಟ್ ಎಂದರೂ "ನೋ. ವೈ?" ಗೋ ಎಂದರೂ "ನೋ. ವೈ?" ಕಾರಣ ಹೇಳಲು ಇಂಗ್ಲಿಷ್ ಸಾಲದೆ ಸೊಸೆ ಫೋನಿನಲ್ಲಿ ಹುಡುಕಿ ಕಲಿಯಬೇಕಾಯಿತು. ಬಿಕಾಸ್, ಹಂಗ್ರಿ, ಲೇಟ್. ಮನೆಯಲ್ಲಿ ಇಂಗ್ಲಿಷ್ ಜಗಳ ಹತ್ತಿತು. ನನಗಂತೂ ಹೊಟ್ಟೆ ತಂಪಾಯಿತು.

ಪರೀಕ್ಷೆಯ ದಿನ ಮಧ್ಯಾಹ್ನವೇ ಮಿಸ್ಸಿನ ಫೋನು. ಮಾತು ಮುಗಿಸಿದ ಸೊಸೆಯ ಮುಖ ಸುಟ್ಟ ರೊಟ್ಟಿಯಾಗಿತ್ತು.

"ಸಿಟ್ ಅಂದ್ರ ನೋ ವೈ ಅಂದಾಳಂತ್ರಿ. ಮಿಸ್ಸು ಕಾರಣ ಹೇಳೋತನಕ ಕುಂತಿಲ್ಲಂತ. ಎದುರು ಮಾತಾಡ್ತಾಳ, ಮನ್ಯಾಗ ತಿದ್ರಿ ಅಂದ್ರು."

"ಇಂಗ್ಲಿಷ್‌ನ್ಯಾಗ ಎದುರು ಮಾತಾಡಿದ್ಲೇನು?"

"ಹೂಂರಿ."

"ಒಂದನೇ ಕ್ಲಾಸಿಗೆ ಕಳಸ್ತಾರಂತೋ ಇಲ್ಲೋ, ಅದನ್ನ ಹೇಳು."

"ಕಳಸ್ತಾರಂತ."

"ಹಂಗಾರ ತಿದ್ದೋದು ಅವ್ರ ಕೆಲ್ಸ. ನೀ ರೊಟ್ಟಿ ಬಡಿ."