ಮೂರು ಕೆಲಸಕ್ಕೆ ಒಂದೇ ಕರೆ

ಕೂಕಟ್‌ಪಲ್ಲಿಯಲ್ಲಿ ಮೆಟ್ರೋ ಹತ್ತಿ ತೆಲುಗಿನ ಊರಲ್ಲಿ ಫೋನಿನಲ್ಲಿ ಕನ್ನಡ ಮಾತಾಡಿದ್ದೇ ಪರಿಚಯಕ್ಕೆ ನೆಪವಾಯಿತು. ಪಕ್ಕದಲ್ಲಿದ್ದ ಹಿರಿಯರು ಬೀದರ್ ಕಡೆಯವರು, ಸರ್ಕಾರಿ ಕಚೇರಿಯಿಂದ ನಿವೃತ್ತರಾದವರು. ನನ್ನ ಕೆಲಸವೇನೆಂದು ವಿಚಾರಿಸಿದರು.

ಮಧ್ಯಾಹ್ನದ ಮೀಟಿಂಗಿನಲ್ಲಿ ನಾನು ಅದನ್ನೇ ವಿವರಿಸಬೇಕಿತ್ತು. ಅಭ್ಯಾಸವಾಗಲಿ ಎಂದು ಹೇಳಿದೆ: "ಒಂದು ಸಾಲಿನ ಸಣ್ಣ ಫೈಲ್ ಓದಾಕೂ ಪ್ರೋಗ್ರಾಂ ಕಂಪ್ಯೂಟರ್ ನಡಸೂ ಆಪರೇಟಿಂಗ್ ಸಿಸ್ಟಂಗೆ ಮೂರು ಸಲ ಕೇಳಬೇಕ್ರಿ. ಬಿಚ್ಚು, ಓದು, ಮುಚ್ಚು. ಮೂರೂ ಒಂದೇ ಸಲಕ್ಕ ಆಗೂ ಹಂಗ ಹೊಸ ಸಿಸ್ಟಂ ಕಾಲ್, ಅಂದ್ರ ಹಂಗ ಕೇಳೂ ಕರೆ, ಮಾಡಾಕತ್ತೀನಿ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಹಳೇ ಮೂರನ್ನ ಬಂದ್ ಮಾಡ್ತೀರೇನು?"

"ಬಂದ್ ಮಾಡಾಕ ಹೆಂಗ ಬರ್ತೈತ್ರಿ? ಹಳೇ ಪ್ರೋಗ್ರಾಂ ಎಲ್ಲಾ ಅವನ್ನೇ ನಂಬ್ಯಾವು."

"ಅಂದ್ರ ಈಗ ನಾಕಾದ್ವು."

ನಾನು ಒಪ್ಪಲೇಬೇಕಾಯಿತು.

"ನಮ್ಮ ಆಫೀಸಿನ್ಯಾಗೂ ಹಂಗ. ಮೂರು ಕೌಂಟರಿನ ಕೆಲಸ ಒಂದೇ ಕಡೆ ಆಗ್ಲಿ ಅಂತ ನಾನೇ ಮುಂದ ನಿಂತು ಹೊಸಾ ಕೌಂಟರ್ ಮಾಡಿಸಿದೆ. ಈಗ ನಾಕೂ ನಡದಾವು," ಎಂದರು ಹೆಮ್ಮೆಯಿಂದ.

ನಾಂಪಲ್ಲಿ ಬಂದಾಗ ಎದ್ದು ನನ್ನ ಹೆಗಲು ತಟ್ಟಿದರು. "ನೀವು ಸರ್ಕಾರಿ ನೌಕರಿಗೆ ಬರಬೇಕಿತ್ತು ನೋಡ್ರಿ. ಭಾಳ ಮ್ಯಾಲೆ ಹೋಗ್ತಿದ್ರಿ."

ಅದರಲ್ಲಿ ಅಣಕವೇನೂ ಇರಲಿಲ್ಲ. ಮಧ್ಯಾಹ್ನದ ಮೀಟಿಂಗಿನಲ್ಲಿ ಅಷ್ಟು ಮನಸಾರೆ ಯಾರೂ ಹೊಗಳಲಿಲ್ಲ.