ಮಧುಗಿರಿ ಬಂಡೆಯ ಮೇಲೆ ಅಮೆರಿಕದ ಹಾಡು

ಕೊರಟಗೆರೆಯಿಂದ ನಾನು ಮದುವೆಯಾಗಿ ಮಧುಗಿರಿಗೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಯಜಮಾನರು ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರಿಗೆ ಉಗ್ಗು. ಗಾಬರಿಯಾದರಂತೂ ಮೊದಲ ಅಕ್ಷರವೇ ಹೊರಡುತ್ತಿರಲಿಲ್ಲ. ಹಾಡುವಾಗ ಮಾತ್ರ ನಾಲಿಗೆ ಎಲ್ಲೂ ತಡೆಯುತ್ತಿರಲಿಲ್ಲ.

ಬೆಂಗಳೂರಿನ ಹಳೆಯ ಸಾಮಾನಿನ ಅಂಗಡಿಯಿಂದ ತಂದ ಒಂದು ಎಲ್ಪಿ ರೆಕಾರ್ಡು ಅವರ ಆಸ್ತಿ. ಹಾಡಿದವನು ಅಮೆರಿಕದ ಕಪ್ಪು ಗಾಯಕ. ಆ ಬಗೆಯ ಸಂಗೀತಕ್ಕೆ ಸೋಲ್ ಅನ್ನುತ್ತಾರೆ, ಅಂದರೆ ಆತ್ಮ, ಎಂದು ಅವರೇ ಹೇಳಿದ್ದು. ಅದೊಂದು ರೆಕಾರ್ಡಿನಿಂದಲೇ ಆತ ಲೋಕಕ್ಕೆಲ್ಲ ಗೊತ್ತಾದನಂತೆ. ನನಗೆ ಒಂದು ಪದವೂ ಅರ್ಥವಾಗುತ್ತಿರಲಿಲ್ಲ. ಅತ್ತೆ, “ಅದೇನ್ಲಾ, ಹಲ್ಲುನೋವು ಬಂದೋನಂಗೆ ಕೂಗ್ತಾನೆ” ಎನ್ನುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ಬೆಳಿಗ್ಗೆ ಇಬ್ಬರೂ ಬೆಟ್ಟ ಹತ್ತಿದೆವು. ಕೋಟೆಯ ಬಾಗಿಲುಗಳನ್ನು ದಾಟಿ ಸಾಕಷ್ಟು ಮೇಲೆ ಹೋದ ಮೇಲೆ ತುಂತುರು ಶುರುವಾಯಿತು. ಇಳಿಯೋಣವೆಂದು ತಿರುಗಿದೆವು. ಅಲ್ಲಿ ಮೆಟ್ಟಿಲಿಲ್ಲ, ಕಡಿದಾದ ಬಂಡೆಯಲ್ಲಿ ಕಾಲಿಡಲು ಕೊರೆದ ಗುಳಿಗಳಷ್ಟೇ. ಒದ್ದೆ ಕಲ್ಲಿನ ಮೇಲೆ ನನ್ನ ಕಾಲು ಜಾರಿತು. ಚಪ್ಪಲಿಯೊಂದು ಕಳಚಿ ಉರುಳಿಹೋಯಿತು. ಅದು ಬಿದ್ದ ಸದ್ದಿಗಾಗಿ ಕಾದೆ. ಕೇಳಿಸಲೇ ಇಲ್ಲ.

ಬಂಡೆಗೆ ಹೊಟ್ಟೆ ಅಂಟಿಸಿ ಹಲ್ಲಿಯಂತೆ ಕವುಚಿಕೊಂಡೆ. ಅವರು ನನಗಿಂತ ಸ್ವಲ್ಪ ಕೆಳಗಿದ್ದರು. “ಎ... ಎ...” ಎಂದರು. ಎಡಗಾಲು ಅನ್ನಬೇಕಿತ್ತು. ಬರಲಿಲ್ಲ. ಇನ್ನೂ ಕೆಳಗಿನಿಂದ ಕುರಿ ಕಾಯುವವನೊಬ್ಬ ಕೂಗಿದ: “ಕೆಳಕ್ಕೆ ನೋಡ್ಬ್ಯಾಡ ಕಣಮ್ಮ, ಅಂಗೇ ಇರು.” ಅಷ್ಟರಲ್ಲಿ ನೋಡಿಬಿಟ್ಟಿದ್ದೆ. ಊರಿನ ಹೆಂಚುಗಳು ಓರೆಯಾಗಿ ತಿರುಗಿದವು.

ಆಗ ಅವರು ಹಾಡಿದರು. ಅದೇ ರೆಕಾರ್ಡಿನ ರಾಗ, ಪದ ಮಾತ್ರ ಕನ್ನಡ. “ಎಡಗಾಲು ಇಳಿಸು, ಗುಳಿ ಅಲ್ಲೇ ಇದೆ. ಕೈ ಬಿಡಬೇಡ, ನಾನು ಇಲ್ಲೇ ಇದೀನಿ.” ಗಾಯಕ ಉಸಿರು ಹಿಡಿದು ನಿಲ್ಲುತ್ತಿದ್ದ ಜಾಗದಲ್ಲಿ ಅವರೂ ನಿಲ್ಲುತ್ತಿದ್ದರು. ಆ ಬಿಡುವಿನಲ್ಲಿ ನಾನು ಕಾಲಿಡುತ್ತಿದ್ದೆ.

ಅರ್ಧ ದಾರಿಯಲ್ಲಿ ದನಿ ನಿಂತಿತು. ಜಾರಿಬಿಟ್ಟರು ಅಂದುಕೊಂಡೆ. ತಿರುಗಿ ನೋಡುವ ಧೈರ್ಯವಿಲ್ಲ. ಮಳೆಯ ಸದ್ದು, ಅಷ್ಟೇ. ಆಮೇಲೆ ಒಂದು ಕೆಮ್ಮು ಕೇಳಿಸಿತು. ಹಾಡು ಮತ್ತೆ ಶುರುವಾಯಿತು.

ಕೆಳಗೆ ಮುಟ್ಟಿದಾಗ ಕುರಿಯವನು ತನ್ನ ಕಂಬಳಿ ಹೊದಿಸಿದ. “ಏನ್ ಸಾಮಿ, ಹೆಂಡ್ರು ಜೀವ ಹೋಯ್ತಿದ್ರೆ ಹಾಡ್ಕಂಡ್ ಕುಂತಿದ್ರಲ್ಲ” ಎಂದ. ಅವರು ತಮ್ಮ ಚಪ್ಪಲಿ ಬಿಚ್ಚಿ ನನ್ನ ಕಾಲ ಬಳಿ ಇಟ್ಟರು.

ಎಂಬತ್ತರ ದಶಕದಲ್ಲಿ ಪಾವಗಡಕ್ಕೆ ವರ್ಗವಾಯಿತು. ಅಲ್ಲಿಯ ಬೇಸಗೆಗೆ ರೆಕಾರ್ಡು ಹಪ್ಪಳದಂತೆ ಸೊಟ್ಟಗಾಯಿತು. ಯಾರನ್ನೋ ಹಿಡಿದು ಅದೇ ಹಾಡುಗಳ ಕ್ಯಾಸೆಟ್ಟು ತರಿಸಿಕೊಂಡರು. ಒಂದು ದಿನ ಪೇಪರಿನಲ್ಲಿ ಆ ಗಾಯಕ ತೀರಿಕೊಂಡ ಸುದ್ದಿ ಬಂತು. ಅವನ ಹಾಡು ಕೇಳಿ ಹಾಡಲು ಕಲಿತವರು ದೇಶದೇಶಗಳಲ್ಲಿದ್ದಾರೆಂದು ಬರೆದಿದ್ದರು. ಯಜಮಾನರು ಅದನ್ನು ಓದಿ, ತಿಂಡಿಯ ತಟ್ಟೆ ಪಕ್ಕಕ್ಕೆ ಸರಿಸಿದರು. ತಡೆದು ತಡೆದು ಹೇಳಿದರು:

“ಅವತ್ತು ಬೆಟ್ಟದಲ್ಲಿ ಹಾಡು ಮಧ್ಯದಲ್ಲಿ ನಿಲ್ಲಿಸಿದೆನಲ್ಲ. ನನ್ನ ಕಾಲೂ ಜಾರಿತ್ತು. ಒಂದೇ ಕೈಯಲ್ಲಿ ನೇತಾಡ್ತಿದ್ದೆ.”

ಇಷ್ಟು ವರ್ಷ ಅವರು ಅದನ್ನು ಹೇಳಿರಲಿಲ್ಲ. ಒಳಗೆ ಮಗಳು ಸ್ಕೂಲಿಗೆ ಜಡೆ ಹಾಕು ಎಂದು ಕರೆಯುತ್ತಿದ್ದಳು. “ಬಂದೆ” ಎಂದು ಕೂಗಿ, ಅವರ ಕೈ ಹಿಡಿದು ಅಲ್ಲೇ ಕೂತೆ.