ಕೆಂಡದೊಳಗಿಟ್ಟ ತತ್ತಿ

ಚಿಕ್ಕೇರೂರಿನ ನಮ್ಮ ಮನೆಗೆ ತತ್ತಿ ಬಂದದ್ದು ನನ್ನ ರಕ್ತದ ದೆಸೆಯಿಂದ. ಮದುವೆಯಾಗಿ ಒಂಬತ್ತು ವರ್ಷವಾಗಿತ್ತು, ಮಕ್ಕಳಿಗಾಗಿ ಹುಬ್ಬಳ್ಳಿಯ ದವಾಖಾನೆಗೆ ಎಡತಾಕಲು ಶುರುಮಾಡಿ ಎರಡು ವರ್ಷ. ಒಂದು ಸಲ ಭ್ರೂಣ ಇಟ್ಟು ನೋಡಿದ್ದರು, ನಿಂತಿರಲಿಲ್ಲ.

"ರಕ್ತದಾಗ ಅಮೈನೋ ಆಮ್ಲ ಕಡಿಮಿ ಅದಾವು, ಆಂಟಿಆಕ್ಸಿಡೆಂಟೂ ಸಾಲೂದಿಲ್ಲ. ಅದಕ್ಕ ಹಿಂಗಾತು ಅಂತ ಖಾತ್ರಿ ಹೇಳಾಕ ಬರೂದಿಲ್ಲ. ಆದ್ರೂ ಮುಂದಿನ ಸಲಕ್ಕ ಮೈ ತಯಾರಿರಲಿ. ನೆಲ್ಲಿಕಾಯಿ ತಿನ್ರಿ, ದಿನಾ ಎರಡು ತತ್ತಿ ತಿನ್ರಿ," ಅಂದರು ಡಾಕ್ಟರಮ್ಮ.

ನೆಲ್ಲಿಕಾಯಿ ಸರಿ. ತತ್ತಿ! ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ತತ್ತಿ ಮಾರುವ ಅಂಗಡಿಯಲ್ಲಿ ನಮ್ಮ ಅತ್ತೆ ಬೆಂಕಿಪೊಟ್ಟಣವನ್ನೂ ಕೊಳ್ಳುತ್ತಿರಲಿಲ್ಲ. ಹಾಗಾಗಿ ಅವರಿಗೆ ಡಾಕ್ಟರಮ್ಮ ಬರೆದುಕೊಟ್ಟ ಚೀಟಿ ಓದಿ ಹೇಳುವಾಗ ಆ ಒಂದು ಸಾಲು ಬಿಟ್ಟೆ. ನನ್ನ ಗಂಡನ ಬಾಯಿ ಸುಮ್ಮನಿರಬೇಕಲ್ಲ, ಹೇಳಿಯೇಬಿಟ್ಟರು.

ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಢಬ್ ಎಂದಿತು. ಓಡಿಹೋಗಿ ನೋಡಿದರೆ ಮೂರು ಕಲ್ಲಿನ ಒಲೆಯ ಮುಂದೆ ಅತ್ತೆ, ಹಣೆಯ ವಿಭೂತಿಯ ಮೇಲೆಲ್ಲ ಹಳದಿ!

"ತತ್ತೀನೂ ಬದನಿಕಾಯಿ ಹಂಗ ಕೆಂಡದಾಗ ಸುಟ್ಟರಾತು ಅಂದ್ಕೊಂಡಿದ್ನೆವ್ವಾ," ಅಂದರು.

"ಏನ್ರಿ ಅದು ಸಪ್ಪಳ?" ಅಂತ ಗೋಡೆಯಾಚೆಯಿಂದ ನೆರೆಮನೆಯಾಕೆ ಕೂಗಿದಳು.

"ಹಲಸಿನ ಬೀಜರೀ!"

ಜನ್ಮದಲ್ಲಿ ಸುಳ್ಳಾಡದ ಮುದುಕಿ! ಹೊಟ್ಟೆ ಹುಣ್ಣಾಗುವಂತೆ ನಕ್ಕೆ, ನಗುತ್ತಲೇ ಅತ್ತುಬಿಟ್ಟೆ.

ಆಮೇಲೆ ಬೇಯಿಸುವುದನ್ನು ಕಲಿತರು. ಹಿತ್ತಲಲ್ಲೇ ಬೇರೆ ಪಾತ್ರೆ, ಬೇರೆ ತಾಟು. ತಾಟು ನನ್ನ ಮುಂದೆ ಸರಿಸಿ, "ಲಗೂನ ತಿನ್ನು," ಅಂತ ಮುಖ ಆಚೆ ತಿರುಗಿಸುತ್ತಿದ್ದರು. ಆ ವಾಸನೆಗೆ ನನಗೆ ವಾಕರಿಕೆ. ಮೂಗು ಹಿಡಿದು ತಿನ್ನುತ್ತಿದ್ದೆ. ಹಿರೇಕೆರೂರ ಸಂತೆಯಲ್ಲಿ ಯಾವುದೋ ಕೂಸು 'ಯವ್ವಾ' ಅಂತ ಚೀರಿದರೆ ಕಾಲು ತಾವಾಗಿಯೇ ನಿಲ್ಲುತ್ತಿದ್ದವು. ಅಷ್ಟು ಆಸೆಯಿತ್ತು ನನಗೆ, ಬೇಕಾದರೆ ಕಲ್ಲನ್ನೂ ತಿನ್ನುತ್ತಿದ್ದೆ.

ಎರಡನೆಯ ಸಲ ಭ್ರೂಣ ಇಟ್ಟರು. ಹದಿನಾಲ್ಕನೆಯ ದಿನ ಫೋನು ಬಂತು. ಈ ಸಲವೂ ನಿಂತಿರಲಿಲ್ಲ.

ಮರುದಿನ ಹಾಸಿಗೆಯಲ್ಲೇ ಬಿದ್ದಿದ್ದೆ. ಅತ್ತೆ ಅದೇ ತಾಟು ಹಿಡಿದು ಬಂದರು, ಈ ಸಲ ಹಿತ್ತಲಿಂದ ನಡುಮನೆ ದಾಟಿ ಒಳಕೋಣೆಗೇ.

"ಇನ್ಯಾಕ್ರಿ ಅತ್ತಿ? ಕೂಸಂತೂ ಇಲ್ಲ."

"ಕೂಸಿನ ಸಲುವಾಗಿ ಅಷ್ಟ ಅಂತ ಯಾರಂದ್ರು? ರಕ್ತ ಕಡಿಮಿ ಇರೋದು ನಿಂದು. ಬಾಯಿ ತೆಗಿ."

ಅವತ್ತು ಅವರು ಮುಖ ತಿರುಗಿಸಲಿಲ್ಲ. ತಾವೇ ಸಿಪ್ಪೆ ಸುಲಿದು, ಮುರಿದು, ಉಪ್ಪು ಹಚ್ಚಿ ನನ್ನ ಬಾಯಿಗಿಟ್ಟರು. ಹಾಗೆ ಒಂದು ಪುಟ್ಟ ಬಾಯಿಗೆ ತುತ್ತಿಡಬೇಕೆಂದೇ ನಾನು ಇಷ್ಟು ವರ್ಷ ಹಂಬಲಿಸಿದ್ದೆ.